ಒಂದೇ ಸಲ ಹೇಳೋದು, ಕೇಳಿಸ್ಕೋ

ನಾನು ಇಂಗ್ಲೆಂಡಿಗೆ ಬಂದದ್ದು ನನ್ನ ವಿದ್ಯೆಯಿಂದಲ್ಲ, ಹೆಂಡತಿಯ ಕಿವಿಯಿಂದ. ಓಇಟಿ ಪರೀಕ್ಷೆಯ ಲಿಸನಿಂಗ್‌ನಲ್ಲಿ ಅವಳಿಗೆ ಬಿ ಗ್ರೇಡ್ ಬಂತು, ಅದರ ಬೆನ್ನಿಗೇ ನನಗೆ ಡಿಪೆಂಡೆಂಟ್ ವೀಸಾ ಬಂತು. ಮನೆಯಲ್ಲಿ ನಾನು ಹೇಳಿದ್ದು ಅದೇ ಕಿವಿಗೆ ಎಷ್ಟು ಬೀಳುತ್ತದೆ ಅಂತ ಯಾವ ಮಂಡಳಿಯೂ ಪರೀಕ್ಷೆ ಇಟ್ಟಿಲ್ಲ, ಸಂಸಾರ ಉಳಿದಿದೆ.

ಈಗ ನಾದಿನಿಯ ಸರದಿ. ಮನೆ ಭದ್ರಾವತಿಯ ನ್ಯೂಟೌನ್, ಕೆಲಸ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಬಿ.ಎಚ್. ರಸ್ತೆಯ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಬಿಬಿಸಿಯ ‘ಇನ್‌ಸೈಡ್ ಹೆಲ್ತ್’, ಆಸ್ಟ್ರೇಲಿಯಾದ ಎಬಿಸಿಯವರ ‘ಹೆಲ್ತ್ ರಿಪೋರ್ಟ್’ ಕೇಳುತ್ತಾ ಹೋಗಿ ಬರುತ್ತಾಳೆ. ಕಂಡಕ್ಟರ್ ಟಿಕೆಟ್ ಕೇಳಿದ್ದು ಮಾತ್ರ ಕೇಳಿಸುವುದಿಲ್ಲ. ಪರೀಕ್ಷೆ ಬರೆಯುವವಳು ಅವಳೊಬ್ಬಳೇ. ತಯಾರಿಗೆ ಮಾತ್ರ ಎರಡು ದೇಶಗಳಲ್ಲಿ ಚದುರಿದ ಇಡೀ ಸಂಸಾರ ವಾಟ್ಸಾಪಿನಲ್ಲಿ ಕೂರುತ್ತದೆ.

ಈ ಓಇಟಿ ದಂತವೈದ್ಯರಿಂದ ಪಶುವೈದ್ಯರವರೆಗೆ 12 ವೃತ್ತಿಗಳವರಿಗೆ ಇರುವ ಇಂಗ್ಲಿಷ್ ಪರೀಕ್ಷೆ. (ದನಕ್ಕೆ ಇಂಗ್ಲಿಷ್ ಬರದಿದ್ದರೂ ದನದ ಯಜಮಾನನಿಗೆ ಬರುತ್ತದಲ್ಲ.) ಬ್ರಿಟನ್ನಿನ ನರ್ಸಿಂಗ್ ಮಂಡಳಿ 2017ರಿಂದ ಇದನ್ನು ಒಪ್ಪುತ್ತಿದೆ. 500ಕ್ಕೆ ಅಂಕ. ಕೇಳುವುದು, ಓದುವುದು, ಮಾತಾಡುವುದು ಈ ಮೂರರಲ್ಲಿ 350 ಬರಬೇಕು. ಬರವಣಿಗೆಯಲ್ಲಿ 300 ಸಾಕು. ಶುಲ್ಕ ಆಸ್ಟ್ರೇಲಿಯನ್ ಡಾಲರಿನಲ್ಲಿ. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಮಾವನವರಿಗೆ ಇದೊಂದು ಗಂಟಲಲ್ಲಿ ಇಳಿಯಲಿಲ್ಲ.

“ಭಾಷೆ ಇಂಗ್ಲೆಂಡಿಂದು, ಹೋಗೋದು ಇಂಗ್ಲೆಂಡಿಗೆ. ದುಡ್ಡು ಯಾಕ್ರೀ ಆಸ್ಟ್ರೇಲಿಯಾಕ್ಕೆ ಕಟ್ಟೋದು, ಅಳಿಯಂದ್ರೇ?”

ವಲಸೆ ಬಂದ ವೈದ್ಯರು, ನರ್ಸುಗಳಿಗಾಗಿ 1980ರ ದಶಕದಲ್ಲಿ ಈ ಪರೀಕ್ಷೆ ಹುಟ್ಟಿದ್ದೇ ಆಸ್ಟ್ರೇಲಿಯಾದಲ್ಲಿ ಎಂದು ವಿವರಿಸಿದೆ.

“ಅಲ್ಲ, ಅವರೂ ಇಂಗ್ಲೆಂಡಿಂದ ವಲಸೆ ಹೋದೋರೇ ತಾನೆ? ಅವರಿಗೆ ಯಾರು ಪರೀಕ್ಷೆ ಮಾಡಿದ್ರು?”

ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನಿಟ್ಟೆ.

ನಾದಿನಿಗೆ ಕಷ್ಟವಾದದ್ದು ಲಿಸನಿಂಗ್. ಮೊದಲ ಭಾಗದಲ್ಲಿ ರೋಗಿಯೊಬ್ಬ ಐದು ನಿಮಿಷ ತನ್ನ ಕಥೆ ಹೇಳುತ್ತಾನೆ. ಎದುರಿಗೆ ಅರ್ಧ ಬರೆದ ಟಿಪ್ಪಣಿ, ಅದರಲ್ಲಿ ಹನ್ನೆರಡು ಖಾಲಿ ಜಾಗ. ಆಮೇಲೆ ಇನ್ನೊಬ್ಬ ರೋಗಿ, ಇನ್ನು ಹನ್ನೆರಡು. ಆಡಿಯೋ ಒಂದೇ ಸಲ. ಇವಳೋ ಮನೆಯಲ್ಲಿ ಅಭ್ಯಾಸ ಮಾಡುವಾಗ ಹತ್ತು ಸೆಕೆಂಡು ಹಿಂದೆ, ಹತ್ತು ಸೆಕೆಂಡು ಹಿಂದೆ ಅಂತ ಒತ್ತೀ ಒತ್ತೀ ಐದು ನಿಮಿಷದ ರೋಗಿಯನ್ನು ಮುಕ್ಕಾಲು ಗಂಟೆ ನರಳಿಸುತ್ತಿದ್ದಳು. ಎಲ್ಲ ಉತ್ತರವೂ ಸರಿ. “ಹೀಗೆ ಕೇಳಿದ್ರೆ ಗೋಡೆಗೂ ಬಿ ಗ್ರೇಡ್ ಬರುತ್ತೆ” ಅಂದಳು ನನ್ನ ಹೆಂಡತಿ.

ಇದಕ್ಕೆ ಮದ್ದು ಸಿಕ್ಕಿದ್ದು ಮನೆಯಲ್ಲೇ, ಮಾವನ ತಮ್ಮನ ಹತ್ತಿರ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಅಡಿಕೆ ತೋಟ ಇದೆ. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಇವರು ಕಿವಿ ಬಲಿತಾಗಿನಿಂದ ಅದರ ಶ್ರೋತೃ. ರೇಡಿಯೋದಲ್ಲಿ ಶಿವಮೊಗ್ಗದ ಅಡಿಕೆ ಧಾರಣೆ ಬರುವ ಹೊತ್ತಿಗೆ ಇವರು ಪೆನ್ಸಿಲ್ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿರುತ್ತಿದ್ದರಂತೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಹೆಸರು ಮೊದಲೇ ಬರೆದಿಟ್ಟು, ಒಂದೊಂದರ ಮುಂದೆ ಕನಿಷ್ಠ, ಗರಿಷ್ಠ, ಸರಾಸರಿಗೆ ಜಾಗ ಬಿಟ್ಟಿರುತ್ತಿದ್ದರು. ಲೆಕ್ಕ ಹಾಕಿ ನೋಡಿ: ಹನ್ನೆರಡು ಖಾಲಿ ಜಾಗ, ಒಂದೇ ಸಲ ಓದುವ ವಾರ್ತಾವಾಚಕರು, ಹಿಂದೆ ತಳ್ಳುವ ಗುಂಡಿ ಇಲ್ಲ. ತಪ್ಪಿದರೆ ಅಂಕ ಹೋಗುವುದಲ್ಲ, ವ್ಯಾಪಾರಿಯ ಮುಂದೆ ಮರ್ಯಾದೆ ಹೋಗುತ್ತದೆ.

“ಒಂದು ತಪ್ಪಿಹೋದ್ರೆ ಏನ್ ಮಾಡ್ತಿದ್ರಿ ಚಿಕ್ಕಪ್ಪ?”

“ಬಿಟ್ಬಿಡ್ತಿದ್ದೆ ಮಾರಾಯ್ತಿ. ರಾಶಿ ತಪ್ಪಿತು ಅಂತ ಯೋಚನೆ ಮಾಡ್ತಾ ಕೂತ್ರೆ ಗೊರಬಲೂ ಹೋಗುತ್ತೆ.”

ಆನ್‌ಲೈನ್ ಕೋಚಿಂಗಿಗೆ ಸಾವಿರಗಟ್ಟಲೆ ಕಟ್ಟಿದವರಿಗೆ ಹೇಳಿಕೊಡುವುದೂ ಇದನ್ನೇ. ಆಡಿಯೋ ಶುರುವಾಗುವ ಮುಂಚೆ ಟಿಪ್ಪಣಿ ನೋಡಿಕೊಳ್ಳಲು 30 ಸೆಕೆಂಡು ಕೊಡುತ್ತಾರೆ. ಆಗ ಶೀರ್ಷಿಕೆಗಳನ್ನು ಓದಿ, ಯಾವ ಜಾಗಕ್ಕೆ ಔಷಧದ ಹೆಸರು, ಯಾವುದಕ್ಕೆ ದಿನದ ಲೆಕ್ಕ, ಯಾವುದಕ್ಕೆ ದೇಹದ ಭಾಗ ಬರಬಹುದೆಂದು ಅಂದಾಜು ಮಾಡಿಕೊಳ್ಳಬೇಕು. ತಪ್ಪಿದ್ದನ್ನು ತಪ್ಪಿದಲ್ಲೇ ಬಿಟ್ಟು ಮುಂದಿನದಕ್ಕೆ ಕಿವಿ ಕೊಡಬೇಕು.

ಇಂಗ್ಲಿಷ್ ಉಚ್ಚಾರಣೆಗೆ ನನ್ನ ಏಳು ವರ್ಷದ ಮಗಳನ್ನು ನೇಮಿಸಿದೆವು. ಹುಟ್ಟಿದ್ದು ಯಾರ್ಕ್‌ಷೈರ್‌ನಲ್ಲಿ. ಅಲ್ಲಿನ ಹಾಲು ಮಾರುವವರ ಧಾಟಿಯಲ್ಲಿ ಅರ್ಧ ಶಬ್ದ ನುಂಗಿ ಮಾತಾಡುತ್ತಾಳೆ. ಸಂಬಳ: ಅಜ್ಜಿ ಕೊರಿಯರ್ ಮಾಡಬೇಕಾದ ಕೋಡುಬಳೆ. ಹೊಟ್ಟೆನೋವಿನ ರೋಗಿಯ ಪಾಠವನ್ನು ಅವಳು ಎಕ್ಸ್‌ಪ್ರೆಸ್ ರೈಲಿನ ಹಾಗೆ ಓದಿ ಮುಗಿಸಿದಳು.

“ಪುಟ್ಟೀ, ಇನ್ನೊಂದ್ಸಲ ಹೇಳೇ.”

“ನೋ ಚಿಕ್ಕಿ. ಒಂದೇ ಸಲ. ರೂಲ್ಸ್.”

ಇಷ್ಟು ನಿಷ್ಠುರದ ಪರೀಕ್ಷಕರು ಆಸ್ಟ್ರೇಲಿಯಾದಲ್ಲೂ ಸಿಗಲಿಕ್ಕಿಲ್ಲ.

ಓದುವ ಭಾಗಕ್ಕೆ ಅಡ್ಡ ಬಂದವರು ಮಾವ. ರೀಡಿಂಗ್‌ನ ಮೊದಲ ಭಾಗದಲ್ಲಿ ಒಂದೇ ಕಾಯಿಲೆಯ ಬಗ್ಗೆ ನಾಲ್ಕು ಬರಹ, 20 ಪ್ರಶ್ನೆ, 15 ನಿಮಿಷ. ಪೂರ್ತಿ ಓದುತ್ತಾ ಕೂತರೆ ಕೆಟ್ಟೆವು. ಪ್ರಶ್ನೆ ನೋಡಬೇಕು, ಉತ್ತರ ಪಟ್ಟಿಯಲ್ಲಿದೆಯೋ ಪ್ಯಾರಾದಲ್ಲಿದೆಯೋ ಅಂತ ಕಣ್ಣಾಡಿಸಿ ಹೆಕ್ಕಬೇಕು. ದಿನಪತ್ರಿಕೆಯನ್ನು ಟೆಂಡರ್ ಜಾಹೀರಾತಿನ ಸಮೇತ ಓದುವ ಮಾವನಿಗೆ ಇದು ಶುದ್ಧ ಅನ್ಯಾಯವಾಗಿ ಕಂಡಿತು. “ಪಾಠ ಓದದೆ ಉತ್ತರ ಬರೆಯೋದಾ? ನಮ್ಮ ಕಾಲದಲ್ಲಿ ಅದಕ್ಕೆ ಕಾಪಿ ಅಂತಿದ್ರು.” ಕೊನೆಯ ಭಾಗದಲ್ಲಿ ಲೇಖಕರ ಅಭಿಪ್ರಾಯವೇನು ಎಂದು ಊಹಿಸುವ ಪ್ರಶ್ನೆ ಬಂದಾಗಲಂತೂ, “ಅವರ ಅಭಿಪ್ರಾಯ ಅವರನ್ನೇ ಕೇಳ್ಬೇಕಪ್ಪ” ಎಂದು ಎದ್ದು ಹೋದರು.

ನಾದಿನಿ ಅಭ್ಯಾಸಕ್ಕೆ ಹಿಡಿದದ್ದು ಮನೆಯ ಔಷಧದ ಡಬ್ಬಿಯನ್ನು. ಪೆಟ್ಟಿಗೆಯೊಳಗೆ ಎಂಟು ಮಡಿಕೆ ಮಡಚಿಟ್ಟಿರುತ್ತಾರಲ್ಲ, ಇರುವೆ ಕಾಲಿನ ಅಕ್ಷರದ ಕಾಗದ, ಅದನ್ನು ಬಿಡಿಸಿ ಹಾಸುವುದು. ಊಟದ ಮುಂಚೆಯೋ ನಂತರವೋ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಏನು ಎಚ್ಚರಿಕೆ ಎಂದು ಅಕ್ಕ ವಿಡಿಯೋ ಕಾಲಿನಲ್ಲಿ ಕೇಳುವುದು, ತಂಗಿ ಗಡಿಯಾರ ನೋಡಿಕೊಂಡು ಹುಡುಕುವುದು. ಮನೆಯಲ್ಲಿ ಯಾರೂ ಅದುವರೆಗೆ ಆ ಕಾಗದಗಳನ್ನು ತೆರೆದೇ ನೋಡಿರಲಿಲ್ಲ.

ಪರೀಕ್ಷೆಗೆ ಹತ್ತಿರವಾದಾಗ ಅತ್ತೆಯನ್ನು ರೋಗಿಯಾಗಿ ಕೂರಿಸಿದರು. ಅವರು ಕನ್ನಡದಲ್ಲಿ ಹೇಳುವುದು, ನಾದಿನಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವುದು. ಶಿವಮೊಗ್ಗದ ವಾರ್ಡಿನಲ್ಲಿ ಅವಳು ದಿನಾ ಮಾಡುವ ಕೆಲಸವೇ ಅದು.

“ಹೇಳಿ, ಏನು ತೊಂದರೆ?”

“ತೊಂದರೆ ಅಂತ ಏನಿಲ್ಲ ಕಣೆ. ತರೀಕೆರೆ ಮದುವೆಗೆ ಹೋಗಿದ್ವಲ್ಲ, ಊಟದ ಹಾಲ್ ಮಹಡಿ ಮೇಲೆ ಇಟ್ಟಿದ್ರು, ಯಾವ ಪುಣ್ಯಾತ್ಮ ಕಟ್ಟಿಸಿದ್ನೋ. ಮೆಟ್ಟಿಲು ಹತ್ತೋವಾಗ ಬಲ ಮಂಡಿ ಚಳಕ್ ಅಂತು. ಹೋಳಿಗೆ ಚೆನ್ನಾಗಿತ್ತು, ತುಪ್ಪ ಮಾತ್ರ ಯಾಕೋ ವಾಸನೆ. ನಿಮ್ಮಪ್ಪ ಬೇಡ ಬೇಡ ಅಂದ್ರು, ನಾನು ಎರಡು ಹಾಕಿಸ್ಕೊಂಡೆ. ರಾತ್ರಿ ಅಂಗಾಲು ಉರಿ. ಆ ಸಕ್ಕರೆ ಮಾತ್ರೆಯಿಂದ್ಲೇ ಉರಿ ಅಂತ ನಿಮ್ಮ ದೊಡ್ಡಮ್ಮ ಅಂದ್ರು, ನಿಲ್ಲಿಸ್ಬಿಟ್ಟೆ. ಮದುಮಗಳ ಸೀರೆ ನೋಡ್ಬೇಕಿತ್ತು ನೀನು...”

ನಾದಿನಿಯ ಪೆನ್ನು ನಿಂತಿತು. “ಎಷ್ಟು ದಿನದಿಂದ ಮಾತ್ರೆ ತಗೊಂಡಿಲ್ಲ?”

“ಮದುವೆ ಆದಾಗಿಂದ.”

“ಯಾರ ಮದುವೆ?”

ಅದುವರೆಗೆ ಕಿವಿ ಮಂದ ಎಂದು ಎಲ್ಲದಕ್ಕೂ ‘ಆಂ?’ ಅನ್ನುತ್ತಿದ್ದ ಮಾವನಿಗೆ ಈ ಭಾಗ ಜಗಲಿಯವರೆಗೂ ಸ್ಪಷ್ಟವಾಗಿ ಕೇಳಿಸಿತು. ಮಾರನೇ ದಿನ ಬೆಳಿಗ್ಗೆ ಅತ್ತೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿನ ಮುಂದೆ ಕೂತಿದ್ದರು. ಸಕ್ಕರೆ ಏರಿತ್ತು. ವೈದ್ಯರು ಮಾತ್ರೆ ಮತ್ತೆ ಶುರು ಮಾಡಿಸಿದರು.

ನನ್ನ ಹೆಂಡತಿ ಹೇಳುವ ಪ್ರಕಾರ ಇಂಗ್ಲೆಂಡಿನ ವಾರ್ಡಿನಲ್ಲೂ ಇದೇ ಕಥೆ. ಅಲ್ಲಿಯ ಅಜ್ಜಿ ಮೊದಲು ಬೆಕ್ಕಿನ ವಿಚಾರ ಹೇಳುತ್ತಾಳೆ, ಆಮೇಲೆ ತೀರಿಹೋದ ಗಂಡನ ವಿಚಾರ, ಕೋಟು ಹಾಕಿಕೊಂಡು ಹೊರಡುವಾಗ ಎದೆನೋವಿನ ವಿಚಾರ. ಭಾಷೆ ಬೇರೆ, ಕಾಯಿಲೆ ಅಡಗಿಸಿಡುವ ಜಾಗ ಒಂದೇ. ಅತ್ತೆಯ ಮಾತಿನಲ್ಲಿ ಹೋಳಿಗೆ ಬದಿಗಿಟ್ಟು ಅಂಗಾಲಿನ ಉರಿ ಹೆಕ್ಕಬಲ್ಲವಳಿಗೆ ಲಿಸನಿಂಗ್ ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಫಲಿತಾಂಶ ಬಂತು. ರೀಡಿಂಗ್ 370, ಉಳಿದೆರಡೂ ದಾಟಿದವು, ಲಿಸನಿಂಗ್ 340. ಹತ್ತು ಕಡಿಮೆ. ಮಾವ ಮತ್ತೆ ಡಾಲರಿನ ರೇಟು ಕೇಳುತ್ತಿದ್ದಾರೆ. ಹನ್ನೆರಡು ತಿಂಗಳೊಳಗೆ ಬರೆದ ಎರಡು ಪರೀಕ್ಷೆಗಳ ಅಂಕವನ್ನು ಸೇರಿಸಿ ತೋರಿಸಲು ಬ್ರಿಟನ್ನಿನ ಮಂಡಳಿ ಅವಕಾಶ ಕೊಡುತ್ತದೆ, ಆದರೆ ಎರಡನೇ ಸಲವೂ ನಾಲ್ಕೂ ಭಾಗ ಬರೆಯಬೇಕು. ಹಾಗಾಗಿ ಸಂಜೆ ಏಳರಿಂದ ಎಂಟರವರೆಗೆ ಯಾರೂ ಆ ಮನೆಗೆ ಫೋನ್ ಮಾಡಬೇಡಿ. ಮಾಡಲೇಬೇಕೆಂದರೆ ಹೇಳಬೇಕಾದ್ದನ್ನು ಒಂದೇ ಸಲ ಹೇಳಿ ಇಟ್ಟುಬಿಡಿ.