ನೀರು ಇಳಿದರೆ ಬೆಳೆ ಏರೀತೇ?

ಹೊಟ್ಟೆ ಇಳಿಯಬೇಕು, ತೋಳು ಏರಬೇಕು, ಎರಡೂ ಒಟ್ಟಿಗೇ. ಹಂಪಸಾಗರದ ಕಟ್ಟೆಯ ಮೇಲೆ ಈ ಆಸೆ ತೋಡಿಕೊಂಡಾಗ, ಹರೆಯದಲ್ಲಿ ಗರಡಿ ಮಣ್ಣು ಮೈಗೆ ಬಳಿದುಕೊಂಡಿದ್ದ ಅಜ್ಜ ನನ್ನ ಹೊಟ್ಟೆಯನ್ನೇ ದಿಟ್ಟಿಸಿದರು.

"ಬ್ಯಾಸಿಗ್ಯಾಗ ಹಿನ್ನೀರು ಸರಿದ ಜಾಗದಾಗ ಬೆಳಿ ಏಳೋದು ಕಂಡಿಲ್ಲೇನಲೇ ತಮ್ಮಾ? ನೀರು ಇಳೀತೈತಿ, ಬೆಳಿ ಏರತೈತಿ. ಆದ್ರ ಯಾರರ ಬಿತ್ತಬೇಕಲ್ಲ!"

ತುಂಗಭದ್ರೆಯ ಹಿನ್ನೀರಿಗೂ ನನ್ನ ಬೊಜ್ಜಿಗೂ ಇಂಥ ನಂಟಿದೆಯೆಂದು ಹೊಳೆದಿರಲಿಲ್ಲ. ವಿಜ್ಞಾನಿಗಳೂ ಅಜ್ಜನ ಪಕ್ಷವೇ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ತರುಣರು 4 ವಾರ ಅರೆಹೊಟ್ಟೆ ಉಂಡು, ಭಾರ ಎತ್ತಿ ಬೆವರು ಸುರಿಸಿದರು. ಮೈತೂಕದ ಕಿಲೋಗೆ ದಿನಕ್ಕೆ 2.4 ಗ್ರಾಂ ಪ್ರೋಟೀನ್ ತಿಂದವರಿಗೆ ಸರಾಸರಿ 4.8 ಕಿಲೋ ಕೊಬ್ಬು ಕರಗಿತು, 1.2 ಕಿಲೋ ಕೊಬ್ಬಿಲ್ಲದ ತೂಕ ಕೂಡಿತು.

ನಾನು 85 ಕಿಲೋ. ಗುಣಿಸಿದರೆ 204 ಗ್ರಾಂ. ಮೊಟ್ಟೆಗೆ ಸುಮಾರು 6 ಗ್ರಾಂ. ಅಂದರೆ ದಿನಕ್ಕೆ 34 ಮೊಟ್ಟೆ! "ಕೋಳಿ ಸಾಕ್ತೀರೋ, ಗೂಡಿನ್ಯಾಗ ನೀವೂ ಇರ್ತೀರೋ?" ಎಂದಳು ಮನೆಯಾಕೆ. ಶೇಂಗಾ ಚಟ್ನಿಯಲ್ಲೂ ಪ್ರೋಟೀನ್ ಇದೆಯಲ್ಲ ಎಂದು ರೊಟ್ಟಿಗೆ ಇನ್ನೊಂದು ಚಮಚ ಹಾಕಿಸಿಕೊಂಡೆ. ಶೇಂಗಾದಲ್ಲಿ ಎಣ್ಣೆಯ ಪಾಲೇ ಜಾಸ್ತಿ ಎಂಬುದನ್ನು ನಾಲಿಗೆಗೆ ತಿಳಿಸಲಿಲ್ಲ.

ಮರುದಿನ ಮೂಲೆಯ ಜೋಳದ ಚೀಲ ಎತ್ತಲು ಹೋದೆ. ಚೀಲ ಅಲ್ಲೇ ಇತ್ತು, ಸೊಂಟ ಹಿಡಿಯಿತು. ಅಜ್ಜ ಮಿರ್ಚಿ ಒಗ್ಗರಣಿಯ ಪೊಟ್ಟಣ ಹಿಡಿದು ನೋಡಲು ಬಂದರು.

"ಬಿತ್ತೋ ದಿನಾನ ರಾಶಿ ಮಾಡಾಕ ಹೋಗಿದ್ದೇನಲೇ?"