ಒಮೇಗಾ ಕಾಕಾ

ಇಬ್ರಾಹಿಂಪುರದ ಯಾವ ಓಣಿಗೆ ಹೋದರೂ ಒಬ್ಬ ಒಮೇಗಾ ಕಾಕಾ ಸಿಗುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇರುತ್ತದೆ, ಅದು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಚಾಲ್ತಿಯಲ್ಲಿದೆ. ನಿವೃತ್ತಿಯಾದ ವರ್ಷ ರಕ್ತ ತಪಾಸಣೆ ಮಾಡಿಸಿದರು, ವರದಿಯಲ್ಲಿ ಟ್ರೈಗ್ಲಿಸರೈಡ್ ಅಂಕಿಯ ಮುಂದೆ ಒಂದು ಚುಕ್ಕಿ ಗುರುತು ಬಂತು, ಅಲ್ಲಿಂದ ಅವರ ಎರಡನೇ ಜನ್ಮ ಶುರುವಾಯಿತು. ಅಂದಿನಿಂದ ಅವರ ಕಣ್ಣಿಗೆ ತಾಟಿನಲ್ಲಿ ಊಟ ಕಾಣುವುದಿಲ್ಲ, ಕೊಬ್ಬಿನಾಮ್ಲ ಕಾಣುತ್ತದೆ.

ಹಾದಿಯಲ್ಲಿ ಸಿಕ್ಕಾಗ ಮರ್ಯಾದೆಗೆಂದು "ಚಾ ಆತೇನ್ರಿ ಕಾಕಾ?" ಅಂದಿರೋ, ಕೆಟ್ಟಿರಿ. "ಚಾದಾಗ ಕ್ಯಾಟೆಚಿನ್ ಇರ್ತಾವ ತಮ್ಮಾ. ನೀ ಹಾಲು ಹಾಕ್ಕೊಂಡ ಕುಡಿತೀಯೋ, ಬರೇ ಕುಡಿತೀಯೋ?" ಹಾಲು ಹಾಕಿದರೆ ಚಹಾದ ಗುಣ ಕಡಿಮೆಯಾಗುತ್ತದೋ ಇಲ್ಲವೋ ಎಂಬುದರ ಮೇಲೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ. ಇಬ್ರಾಹಿಂಪುರದಲ್ಲಿ ಮಾತ್ರ ಎಂದೋ ತೀರ್ಪಾಗಿದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಆಡಿದ ಮಾತು ಏಳು ಸಲ ತಿರುಗಿ ಬರುತ್ತದೆ ಅನ್ನುತ್ತಾರೆ. ಕಾಕಾರ ಮಾತಿಗೆ ಆ ಮಿತಿಯೂ ಇಲ್ಲ.

ತಮಾಷೆಯೆಂದರೆ ಮನುಷ್ಯ ಹೇಳುವುದು ಬಹುಪಾಲು ಸರಿ. ತಪ್ಪು ಹೇಳುವವರನ್ನು ಸುಮ್ಮನಿರಿಸಬಹುದು, ಸರಿ ಹೇಳುವವರನ್ನು ಏನು ಮಾಡುತ್ತೀರಿ? ಗಾಣದ ಮುಂದೆ ಕುಸುಬಿ ಎಣ್ಣೆಗೆ ಸರದಿ ನಿಂತಾಗ ಅವರ ಪಾಠ ಕೇಳಬೇಕು. ನಮ್ಮ ಕರಿಭೂಮಿಯ ಹಿಂಗಾರಿ ಕುಸುಬಿ, ಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ಸುತ್ತ ಬಿತ್ತುತ್ತಿದ್ದ ಮುಳ್ಳಿನ ಬೆಳೆ. ಅದರ ಎಣ್ಣೆಯಲ್ಲಿ ನೂರಕ್ಕೆ 70ರ ಮೇಲೆ ಲಿನೋಲಿಕ್ ಆಮ್ಲ. ಶೇಂಗಾದಲ್ಲಿ ಹೆಚ್ಚಾಗಿರುವ ಓಲಿಕ್ ಆಮ್ಲಕ್ಕೆ ಒಂದೇ ಜೋಡಿಬಂಧ, ಲಿನೋಲಿಕ್‌ಗೆ ಎರಡು, ಅಗಸಿಯ ಆಲ್ಫಾ ಲಿನೋಲೆನಿಕ್‌ಗೆ ಮೂರು. ಇಷ್ಟನ್ನು ಕಾಕಾ ಬೆರಳು ಮಡಚಿ ತೋರಿಸುತ್ತಾರೆ. ಹಿಂದೆ ನಿಂತವರು ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾರೆ.

"ಜೋಡಿಬಂಧ ಹೆಚ್ಚಾದಂಗ ಆಮ್ಲಜನಕ ಬಂದು ಕಚ್ಕೋತದ. ಅದಕ್ಕ ಎಣ್ಣಿ ಕಮಟ ಹಿಡೀತದ. ಅಗಸಿ ಎಣ್ಣಿ ಬಾಗಿಲಿಗೆ ಸವರಿದ್ರ ಒಣಗಿ ಪದರಗಟ್ಟತದಲ್ಲ, ವಾರ್ನಿಶ್‌ದವರು ಒಯ್ತಾರಲ್ಲ, ಅದೂ ಇದರ ಸಲುವಾಗೇ. ಕುಸುಬಿಯೊಳಗಿನ ಇ ಜೀವಸತ್ವ ಆ ಏಟು ತಾ ತಿಂದು ಎಣ್ಣಿ ಉಳಿಸ್ತದ. ಎಷ್ಟು ದಿನ? ತಾ ಮುಗಿಯೂತನಕ!"

"ಕಾಕಾ, ನಿಮ್ಮ ಪಾಳಿ ಬಂತು" ಎಂದು ಗಾಣದವನು ಕೂಗದೆ ಇದ್ದರೆ ಅಂದು ಯಾರ ಮನೆಯಲ್ಲೂ ಒಗ್ಗರಣೆ ಬೀಳುವುದಿಲ್ಲ.

ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಲ್ಯಾಮಿನೇಶನ್ ಮಾಡಿಸಿದ ಒಂದು ಪಟ್ಟಿ ಅಂಟಿಸಿದ್ದಾರೆ. ಯಾವ ತಿನಿಸಿನಲ್ಲಿ ಎಷ್ಟು ಆ್ಯಂಟಿಆಕ್ಸಿಡೆಂಟ್ ಶಕ್ತಿ ಇದೆ ಎಂದು ಪ್ರನಾಳದಲ್ಲಿ ಅಳೆದು ಅಂಕಿ ಕೊಟ್ಟ ಪಟ್ಟಿ ಅದು. ಹಿಟ್ನಳ್ಳಿಯ ಕೃಷಿ ಕಾಲೇಜಿನಲ್ಲಿ ಓದುವ ತಮ್ಮನ ಮಗಳು ಒಂದು ಸಲ ಬಂದವಳು ಅದನ್ನು ನೋಡಿ, "ದೊಡ್ಡಪ್ಪಾ, ಇದನ್ನ ಅಮೆರಿಕಾದ ಕೃಷಿ ಇಲಾಖೆಯವರೇ 2012ರಾಗ ತೆಗೆದ ಹಾಕ್ಯಾರ. ಪ್ರನಾಳದಾಗಿನ ಅಂಕಿಗೂ ಮೈಯೊಳಗ ಆಗೋದಕ್ಕೂ ಸಂಬಂಧ ಇಲ್ಲಂತ" ಅಂದಳು. ಅಷ್ಟಕ್ಕೇ ಬಿಡಲಿಲ್ಲ. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ವರ್ಷಗಟ್ಟಲೆ ಬೀಟಾ ಕ್ಯಾರೊಟಿನ್ ಗುಳಿಗೆ ಕೊಟ್ಟು ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತೆಂದು 1994ರಲ್ಲಿ ಪ್ರಕಟವಾದದ್ದನ್ನೂ ಹೇಳಿದಳು. ಗಜ್ಜರಿಯಲ್ಲಿದ್ದಾಗ ಸಾಧು, ಗುಳಿಗೆಯಾದಾಗ ಬೇರೆ.

ಕಾಕಾ ಸ್ವಲ್ಪ ಹೊತ್ತು ಪಟ್ಟಿಯನ್ನು, ಸ್ವಲ್ಪ ಹೊತ್ತು ಹುಡುಗಿಯನ್ನು ನೋಡಿದರು. ಆಮೇಲೆ, "ತೆಗೀಲಿ ಬಿಡು. ಲ್ಯಾಮಿನೇಶನ್ನಿಗೆ ರೊಕ್ಕಾ ಕೊಟ್ಟಾವ ನಾನು" ಅಂದರು. ಪಟ್ಟಿ ಅಲ್ಲೇ ಇದೆ.

ಹೆಂಡತಿ ಕಾಕುವಿನ ಕಷ್ಟ ಕಾಕಾರಿಗೆ ತಿಳಿಯದು. ಅಗಸಿ ಹುರಿದು, ಬಳ್ಳೊಳ್ಳಿ, ಒಣಖಾರ, ಉಪ್ಪು ಹಾಕಿ ಕುಟ್ಟಿದ ಚಟ್ನಿ ಆ ಮನೆಯಲ್ಲಿ ಮೂರು ತಲೆಮಾರಿನಿಂದ ರೊಟ್ಟಿಯ ಬದಿಗೆ ಒಂದು ಚಮಚೆ ಬೀಳುತ್ತಿತ್ತು. ಈಗ ಅದು ಔಷಧ, ಅಳತೆಯಂತೆ ಹೊತ್ತಿಗೆ ಮೂರು ಚಮಚೆ. ಇಡೀ ಅಗಸಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು ಎಂದು ಕಾಕಾ ಹೇಳುವುದು ನಿಜ. ಅದರ ಒಮೇಗಾ ಮೂರರಲ್ಲಿ ಮೀನೆಣ್ಣೆಯ ರೂಪಕ್ಕೆ ನಮ್ಮ ಮೈ ಬದಲಿಸುವುದು ತೀರಾ ಸ್ವಲ್ಪವೇ ಎಂಬುದೂ ಅಷ್ಟೇ ನಿಜ. ಆದರೆ ಆ ಸಾಲು ಬಂದಾಗ ಕಾಕಾರಿಗೆ ಕೆಮ್ಮು ಬರುತ್ತದೆ.

ಸಂಕ್ರಾಂತಿ ಬಂತೆಂದರೆ ಯುದ್ಧ. ಊರೆಲ್ಲ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿದ್ದರೆ ಇವರ ಪಡಸಾಲೆಯಲ್ಲಿ ಶೇಂಗಾ ಸಿಪ್ಪೆಯ ವ್ಯಾಜ್ಯ. ಹೋಳಿಗೆಗೆಂದು ಕಾಕು ಶೇಂಗಾ ಹುರಿದು, ಆರಿಸಿ, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರುತ್ತಾರೆ. ಕೆಂಪು ಸಿಪ್ಪೆ ಹಾರಿ ಅಂಗಳಕ್ಕೆ ಬೀಳುತ್ತದೆ. ಕಾಕಾ ಮೊರದ ಮುಂದೆ ಪೇಪರು ಹಾಸಿ ಕೂತು ಅದನ್ನು ಹಿಡಿಯುತ್ತಾರೆ.

"ಪಾಲಿಫಿನಾಲ್ ಎಲ್ಲಾ ಸಿಪ್ಪ್ಯಾಗ ಅದ. ರೆಸ್ವೆರಟ್ರಾಲ್ ಅದ. ದ್ರಾಕ್ಷಿ ಸಿಪ್ಪ್ಯಾಗ ಇರೋ ಮಾಲೇ ಇದು! ಹೂರಣದಾಗ ಹಾಕು."

"ಒಗರ ಆಗತದರಿ. ಬೀಗರು ಬರ್ತಾರ ಇವತ್ತು."

"ಬೀಗರಿಗೂ ಹೃದಯ ಇರ್ತದಲ್ಲ?"

"ನಮ್ಮ ಎಮ್ಮಿಗೂ ಅದ. ಅದಕ್ಕ ಹಾಕ್ತೀನಿ" ಎಂದು ಕಾಕು ಪೇಪರಿನ ಸಮೇತ ಎತ್ತಿಕೊಂಡು ಹೊರಗೆ ನಡೆದರು.

ತಿಕೋಟಾ, ಬಬಲೇಶ್ವರದ ಕಡೆ ನೆಂಟರ ದ್ರಾಕ್ಷಿ ತೋಟಕ್ಕೆ ಕಾಕಾ ಹೋದರೆಂದರೆ ಒಣದ್ರಾಕ್ಷಿ ಶೆಡ್ಡಿನವರಿಗೂ ಬಿಡುಗಡೆಯಿಲ್ಲ. ಸಿಪ್ಪೆಯ ಮೇಲಿನ ಮೇಣ ಬಿರಿದು ನೀರು ಬೇಗ ಆರಲೆಂದು ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಹರವುತ್ತಾರೆ. ಆ ಎಣ್ಣೆಯ ಮುಖ್ಯ ಅಂಶ ಈಥೈಲ್ ಓಲಿಯೇಟ್, ಅಂದರೆ ಅದೇ ಓಲಿಕ್ ಆಮ್ಲದ ಮರಿ. "ನೋಡ್ರಿ, ಇಲ್ಲೂ ಬಂದ!" ಎಂದು ಕಾಕಾ ಬೀದರಿನಲ್ಲಿ ಬಾಲ್ಯದ ಗೆಳೆಯ ಸಿಕ್ಕವರಂತೆ ಕುಣಿದಾಡಿದರಂತೆ. ಗಂಧಕದ ಹೊಗೆ ಕೊಟ್ಟು ಬಂಗಾರದ ಬಣ್ಣ ಬರಿಸಿದ ಮಾಲನ್ನು ಮುಟ್ಟದೆ ಕಂದು ಬಣ್ಣದ್ದನ್ನೇ ಆರಿಸಿಕೊಂಡರು. ತೋಟದವರಿಗೆ ಬೇಜಾರಿಲ್ಲ. ಪೇಟೆಯಲ್ಲಿ ಕಡಿಮೆ ದರಕ್ಕೆ ಹೋಗುವ ಮಾಲನ್ನು ಹೊಗಳಿ ಹೊಗಳಿ ಒಯ್ಯುವ ಗಿರಾಕಿ ಎಲ್ಲಿ ಸಿಗುತ್ತಾರೆ?

ಕಾಕಾ ಸೋತದ್ದು, ನಿಮಗೆ ಬೇಕಾದರೆ ಗೆದ್ದದ್ದು ಅನ್ನಿ, ಮಿರ್ಚಿ ಬಜಿ ಗಾಡಿಯ ಮುಂದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಧ್ರುವೀಯ ಸಂಯುಕ್ತಗಳು ಸೇರುತ್ತವೆ, ನೂರಕ್ಕೆ 25 ದಾಟಿದರೆ ಆ ಎಣ್ಣೆ ಬಳಸಬಾರದೆಂದು 2018ರ ಜುಲೈನಿಂದ ದೇಶದಲ್ಲಿ ನಿಯಮವೇ ಇದೆ. ಇದನ್ನು ಅವರು ಗಾಡಿಯ ಪಕ್ಕ ನಿಂತು ಬಂದ ಗಿರಾಕಿಗಳಿಗೆಲ್ಲ ಬಿಡಿಸಿ ಹೇಳತೊಡಗಿದರು. ಗಾಡಿಯವನು ಜಗಳಾಡಲಿಲ್ಲ. "ಹಂಗಾರ ಯಾವ ಬಜಿ ತಿನ್ನಬೇಕ್ರಿ ಕಾಕಾ?" ಎಂದು ಕೇಳಿದ. ಶಾಸ್ತ್ರಕ್ಕೆ ಸುಳ್ಳು ಹೇಳಲಾಗದೆ ಕಾಕಾ, "ಹೊಸ ಎಣ್ಣಿ ಸುರುವಿದ ಮ್ಯಾಲೆ ಮೊದಲ ಸಲ ಬಿಟ್ಟದ್ದು ಅಡ್ಡಿಯಿಲ್ಲ" ಅಂದುಬಿಟ್ಟರು.

ಈಗ ಸಂಜೆ ನಾಲ್ಕಕ್ಕೆಲ್ಲ ಆ ಗಾಡಿಯ ಮುಂದೆ ಪಾಳಿ. ಮೊದಲ ಸಲದ ಬಜಿಗೆ ಎರಡು ರೂಪಾಯಿ ಜಾಸ್ತಿ. ಒಲೆ ಹೊತ್ತಿಸುವುದಕ್ಕೂ ಮೊದಲೇ ಬಂದು ಎಣ್ಣೆ ಪಾಕೀಟಿನ ತಾರೀಖು ಓದಿ, ಕನ್ನಡಕ ಒರೆಸಿಕೊಂಡು, "ಹೂಂ, ಹಚ್ಚು" ಅನ್ನುವವರು ಕಾಕಾ. ಮೊದಲನೇ ಪ್ಲೇಟೂ ಅವರದೇ, ಪರೀಕ್ಷೆಯ ಲೆಕ್ಕದಲ್ಲಿ ಪುಕ್ಕಟೆ. ಹಸಿಮೆಣಸಿನಕಾಯಿಯಲ್ಲಿ ಸಿ ಜೀವಸತ್ವ ಇರುವುದರಿಂದ ಎರಡನೆಯದಕ್ಕೆ ಮಾತ್ರ ರೊಕ್ಕ ಕೊಡುತ್ತಾರೆ.