ಊಟಿಗೆ ಹೊರಟ ಮೈಸೂರು ಯಜಮಾನರು

ಹೆಂಡತಿಯನ್ನು ಊಟಿಗೆ ಕರೆದುಕೊಂಡು ಹೋಗುವ ಮೈಸೂರು ಯಜಮಾನರು ಕುವೆಂಪುನಗರ, ಸರಸ್ವತೀಪುರಂ, ಜಯಲಕ್ಷ್ಮೀಪುರಂ ಬಡಾವಣೆಗಳಲ್ಲಿ ಹೇರಳವಾಗಿ ಸಿಗುತ್ತಾರೆ. ವಯಸ್ಸು ಅರವತ್ತು ದಾಟಿರುತ್ತದೆ. ಬ್ಯಾಂಕು, ವಿಮಾ ಕಚೇರಿ ಇಲ್ಲವೇ ಕಾಲೇಜಿನಿಂದ ನಿವೃತ್ತಿ. ಮದುವೆಯಾದ ಹೊಸದರಲ್ಲಿ "ನಿನ್ನನ್ನ ಊಟಿಗೆ ಕರ್ಕೊಂಡು ಹೋಗ್ತೀನಿ ಕಣೇ" ಎಂದು ಕೊಟ್ಟ ಮಾತು ಮೂವತ್ತು ವರ್ಷ ಕಳೆದರೂ ಹಾಗೇ ಇರುತ್ತದೆ. ಮಾತು ತಪ್ಪುವ ಉದ್ದೇಶ ಇವರಿಗಿಲ್ಲ. ತಪ್ಪೆಲ್ಲ ಊಟಿಯದು. ಅದು ಮೈಸೂರಿಗೆ ತೀರಾ ಹತ್ತಿರ, ಸುಮಾರು 125 ಕಿ.ಮೀ. ಕಾಶಿ ದೂರ, ಹಾಗಾಗಿ ಎಲ್.ಟಿ.ಸಿ. ಹಾಕಿ ಹೋಗಿಬಂದಾಯಿತು. ಕನ್ಯಾಕುಮಾರಿಯೂ ಆಯಿತು. ಊಟಿ "ಇಲ್ಲೇ ಇದೆಯಲ್ಲ, ಯಾವತ್ತು ಬೇಕಾದ್ರೂ ಹೋಗಬಹುದು". ಹೀಗೆ ಯಾವತ್ತು ಬೇಕಾದರೂ ಹೋಗಬಹುದಾದ ಊರಿಗೆ ಪಂಚಾಂಗದಲ್ಲಿ ದಿನ ಸಿಗುವುದಿಲ್ಲ.

ದಿನ ಗೊತ್ತು ಮಾಡುವವನು ಸಾಮಾನ್ಯವಾಗಿ ಅಮೆರಿಕದಲ್ಲಿರುವ ಮಗ. ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆಂದು ಅವನು ಊಟಿಯ ರೆಸಾರ್ಟೊಂದನ್ನು ಹುಡುಕಿ ಫೋಟೋ ಕಳಿಸುತ್ತಾನೆ. ಯಜಮಾನರು ಫೋಟೋ ಬಿಟ್ಟು ಬಾಡಿಗೆ ನೋಡುತ್ತಾರೆ. "ರಾತ್ರಿ ಮಲಗೋದಕ್ಕೆ ಇಷ್ಟಾ? ಕಣ್ಣು ಮುಚ್ಚಿದ ಮೇಲೆ ಯಾವ ರೂಮಾದರೇನು?" ಅಲ್ಲಿಗೆ ರೆಸಾರ್ಟು ಹೋಗಿ, ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಸುದರ್ಶನ ನಿಶ್ಚಯವಾಗುತ್ತದೆ. ತಮಿಳುನಾಡಿನಲ್ಲಿ ಮಲಗಿದರೂ ನಮ್ಮ ಸರ್ಕಾರದ ಸೂರಿನಡಿ ಮಲಗಿದಂತಾಗುತ್ತದೆ ಎಂಬುದು ಇದರ ಹೆಚ್ಚುವರಿ ಲಾಭ. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ವಾಹನಕ್ಕೆ ಇ-ಪಾಸ್ ಬೇಕು. ಅದನ್ನು ಮಾಡಿಸುವ ಕೆಲಸ ಮಾತ್ರ ಮಗನಿಗೆ ಉಳಿಯುತ್ತದೆ.

ಹೆಂಡತಿಯ ಕನಸು ಏನೆಂದು ಈ ಹಂತದವರೆಗೆ ಯಾರೂ ಕೇಳಿರುವುದಿಲ್ಲ. ಅದು ಬಹಳ ಚಿಕ್ಕದು. ಎರಡು ದಿನ ಒಲೆಯ ಮುಂದೆ ನಿಲ್ಲಬಾರದು. ಬೆಳಗ್ಗೆ ಬೇರೆ ಯಾರಾದರೂ ಕಾಫಿ ಮಾಡಿ ಕೈಗೆ ಕೊಡಬೇಕು. ಕೆರೆ, ಬೆಟ್ಟ, ಹೂವಿನ ತೋಟ ಇದ್ದರೆ ಸಂತೋಷ, ಇಲ್ಲದಿದ್ದರೂ ನಡೆಯುತ್ತದೆ. ಆದರೆ ಯಜಮಾನರಿಗೆ ಹೊರಗಿನ ಎಣ್ಣೆ ಆಗುವುದಿಲ್ಲ. ನಲವತ್ತು ವರ್ಷ ಕಚೇರಿಯ ಕ್ಯಾಂಟೀನಿನಲ್ಲಿ ಮಸಾಲೆದೋಸೆ ತಿಂದು ಅರಗಿಸಿಕೊಂಡ ಹೊಟ್ಟೆ ಹೆಂಡತಿಯೊಡನೆ ಹೊರಟಾಗ ಮಾತ್ರ ನಾಜೂಕಾಗುತ್ತದೆ. "ಜಾಸ್ತಿ ಏನೂ ಬೇಡ, ಸುಮ್ನೆ ಸ್ವಲ್ಪ ಪುಳಿಯೋಗರೆ, ಮೊಸರನ್ನ" ಎಂದು ಶುರುವಾದ ಪಟ್ಟಿ ರಾತ್ರಿಯ ಚಪಾತಿ, ಮಾರನೇ ದಿನಕ್ಕೆ ಕೆಡದ ಪಲ್ಯ, ಚಹಾದ ಜೊತೆಗೆ ಕೋಡುಬಳೆ, ದಾರಿಗೆ ಚಕ್ಕುಲಿ ಎಂದು ಬೆಳೆಯುತ್ತದೆ. ಹೀಗೆ ಎರಡು ದಿನ ಅಡುಗೆ ಮಾಡದಿರಲು ಆಕೆ ಬೆಳಗಿನ ಜಾವ ಮೂರಕ್ಕೆ ಎದ್ದು ಎರಡು ದಿನದ ಅಡುಗೆ ಮಾಡಬೇಕಾಗುತ್ತದೆ. ಆ ಹೊತ್ತಿಗೆ ಯಜಮಾನರೂ ಎಚ್ಚರವಾಗಿಯೇ ಇರುತ್ತಾರೆ; ಗ್ಯಾಸ್ ಆರಿಸಲು ಎಷ್ಟು ಹೊತ್ತಿಗೆ ನೆನಪು ಮಾಡಬೇಕೆಂದು ಯೋಚಿಸುತ್ತಿರುತ್ತಾರೆ. ಹಾಲು ಪೇಪರ್ ಬೇಡವೆಂದು ಹೇಳುವುದು, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಒಪ್ಪಿಸುವುದು, ಕಾಶಿಯಾತ್ರೆಯ ಮಂಕಿ ಕ್ಯಾಪನ್ನು ಅಟ್ಟದಿಂದ ಇಳಿಸುವುದು, ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗುವುದು ಇವರ ಪಾಲಿನ ಸಿದ್ಧತೆ.

ಪ್ರವಾಸಕ್ಕೆ ಇವರು ಕೊಡುವ ಐತಿಹಾಸಿಕ ಸಮರ್ಥನೆಯೊಂದಿದೆ. "ನಮ್ಮ ಮಹಾರಾಜರೇ ಬೇಸಗೆಗೆ ಅಲ್ಲಿಗೆ ಹೋಗ್ತಿದ್ರು." ಇದು ನಿಜ. ಊಟಿಯ ಫರ್ನ್‌ಹಿಲ್ ಅರಮನೆ ಮೈಸೂರು ಒಡೆಯರ ಬೇಸಗೆಯ ಬಿಡಾರವಾಗಿತ್ತು. ಆದರೆ ಹೊರಡುವ ದಿನ ಮಹಾರಾಣಿಯವರು ಮೂರು ಗಂಟೆಗೆದ್ದು ಪುಳಿಯೋಗರೆ ಕಲಸಿದ ಉಲ್ಲೇಖ ಚರಿತ್ರೆಯಲ್ಲಿ ಎಲ್ಲಿಯೂ ಕಂಡುಬರುವುದಿಲ್ಲ.

ಹೊರಡುವುದು ಸೋಮವಾರವಾದರೆ ಏಳೂವರೆಯ ರಾಹುಕಾಲಕ್ಕೆ ಮೊದಲೇ ಹೊಸ್ತಿಲು ದಾಟಬೇಕು. ನಂಜನಗೂಡಿನಲ್ಲಿ ನಂಜುಂಡೇಶ್ವರನ ದರ್ಶನ, ಗುಂಡ್ಲುಪೇಟೆ ದಾಟಿದ ಮೇಲೆ ಮರದಡಿ ಮೊದಲ ಡಬ್ಬಿ. ಬಂಡೀಪುರದ ಕಾಡಿನಲ್ಲಿ ವಾಹನ ನಿಲ್ಲಿಸುವಂತಿಲ್ಲ. ಈ ನಿಯಮವನ್ನು ಯಜಮಾನರು ಮನಸಾರೆ ಒಪ್ಪುತ್ತಾರೆ. ಆಕೆ "ರೀ, ಆನೆ!" ಎಂದರೆ "ಬರ್ತಾ ನೋಡೋಣ" ಎನ್ನುತ್ತಾರೆ, ಆನೆ ಅಲ್ಲಿಯೇ ಕಾಯುತ್ತದೆಂಬ ಭರವಸೆಯಲ್ಲಿ. ಕಕ್ಕನಹಳ್ಳ ತಪಾಸಣಾ ಠಾಣೆಯಲ್ಲಿ ತಮಿಳುನಾಡು ಶುರು. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನಿಷೇಧವಿರುವುದರಿಂದ ನೀರಿನ ಬಾಟಲಿ ಅಲ್ಲಿಯೇ ಉಳಿಯುತ್ತದೆ. ಸ್ಟೀಲ್ ಡಬ್ಬಿಗಳು ಒಂದೂ ಬಿಡದೆ ಪಾರಾಗುತ್ತವೆ. "ನೋಡಿದ್ಯಾ, ನಾನು ಸ್ಟೀಲ್ ಡಬ್ಬೀನೇ ತಗೋ ಅಂದಿದ್ದೆ" ಎಂದು ಯಜಮಾನರು ಇಲ್ಲಿ ಒಂದು ಅಂಕ ಗಳಿಸುತ್ತಾರೆ. ಮಸಿನಗುಡಿ ಕಳೆದರೆ ಕಲ್ಹಟ್ಟಿ ಘಾಟಿ, ಮೂವತ್ತಾರು ತಿರುವು. ಪ್ರತಿ ತಿರುವಿನ ಫಲಕವನ್ನೂ ಇವರು ಗಟ್ಟಿಯಾಗಿ ಓದುತ್ತಾರೆ. ಆಕೆ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿರುತ್ತಾರೆ.

ಊಟಿಯಲ್ಲಿ ಯಜಮಾನರು ನೋಡುವುದು ಊಟಿಯನ್ನಲ್ಲ, ಅದು ಮೈಸೂರಿಗಿಂತ ಎಲ್ಲೆಲ್ಲಿ ಕಡಿಮೆ ಎಂಬುದನ್ನು. ಸರೋವರದ ಎದುರು "ಕಾರಂಜಿ ಕೆರೆ ಇದಕ್ಕಿಂತ ಕ್ಲೀನಾಗಿದೆ". 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಯಲ್ಲಿ ನಿಂತು, ಚಾಮುಂಡಿ ಬೆಟ್ಟದ ಹಾಗೆ ಇಲ್ಲಿ ನಂದಿ ಇಲ್ಲವಲ್ಲ ಎಂದು ನಿಟ್ಟುಸಿರು. ಕೊನೆಗೆ ಮನಸ್ಸಿಗೆ ಒಪ್ಪುವ ಜಾಗವೊಂದು ಸಿಗುತ್ತದೆ: ಫರ್ನ್‌ಹಿಲ್‌ನಲ್ಲಿರುವ ಕರ್ನಾಟಕ ಸರ್ಕಾರದ ತೋಟಗಾರಿಕೆ ಇಲಾಖೆಯ ಉದ್ಯಾನ. ಘಾಟಿ ಹತ್ತಿ ಬಂದು ಕರ್ನಾಟಕದ ಹೋಟೆಲಿನಲ್ಲಿ ಇಳಿದು, ಕರ್ನಾಟಕದ ತೋಟ ಸುತ್ತಿ, ಕುವೆಂಪುನಗರದ ಪುಳಿಯೋಗರೆ ಉಂಡಾಗ ಇವರ ಮುಖದಲ್ಲಿ ಮೊದಲ ಬಾರಿಗೆ ಪ್ರವಾಸದ ಕಳೆ ಮೂಡುತ್ತದೆ.

ಚಿಕ್ಕ ರೈಲಿನ ವಿಚಾರ ಬೇರೆ. ಮೆಟ್ಟುಪಾಳಯಂನಿಂದ ಊಟಿಯವರೆಗಿನ 46 ಕಿ.ಮೀ. ಬೆಟ್ಟದ ರೈಲು 1908ರಲ್ಲಿ ಊಟಿ ಮುಟ್ಟಿತು, 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದರಲ್ಲಿ ಕೂನೂರಿಗಾದರೂ ಹೋಗಿಬರಬೇಕೆಂಬುದು ಆಕೆಯ ಆಸೆ. ಟಿಕೆಟ್ ಮುಂಚೆಯೇ ಮಾಡಿಸೆಂದು ಮಗ ಹೇಳಿದ್ದ. "ಸೋಮವಾರ ಯಾರು ಬರ್ತಾರೆ?" ಎಂದಿದ್ದವರು ನಿಲ್ದಾಣಕ್ಕೆ ಹೋದಾಗ ಸೋಮವಾರ ಬಂದಿದ್ದವರೆಲ್ಲ ಸಾಲಿನಲ್ಲಿ ನಿಂತಿರುತ್ತಾರೆ. ಟಿಕೆಟ್ ಇಲ್ಲ. ನಿಂತ ರೈಲಿನ ಬಾಗಿಲಲ್ಲಿ ಆಕೆಯನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. "ಫೋಟೋದಲ್ಲಿ ಹೋಗ್ತಿರೋ ಹಾಗೇ ಕಾಣುತ್ತೆ." ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈ ಫೋಟೋಕ್ಕೇ ಅತಿ ಹೆಚ್ಚು ಹೃದಯಗಳು ಬೀಳುತ್ತವೆ.

ಮಾರನೇ ಬೆಳಗ್ಗೆ ಏಳಕ್ಕೆ ಹೋಟೆಲಿನ ಹುಡುಗ ಬಾಗಿಲು ತಟ್ಟಿ ಕಾಫಿ ತರುತ್ತಾನೆ. ಆಕೆ ಕಿಟಕಿಯ ಪಕ್ಕ ಶಾಲು ಹೊದ್ದು ಕುಳಿತು, ಯಾವ ಲೋಟವನ್ನೂ ತೊಳೆಯುವ ಯೋಚನೆಯಿಲ್ಲದೆ, ಅರ್ಧ ಗಂಟೆ ಕುಡಿಯುತ್ತಾರೆ. ಯಜಮಾನರು ಒಂದು ಗುಟುಕಿಗೇ "ಚಿಕೋರಿ ಜಾಸ್ತಿ" ಎಂದು ತೀರ್ಪು ಕೊಟ್ಟು, ವಾಪಸು ಹೊರಡುವ ಹೊತ್ತು ಲೆಕ್ಕ ಹಾಕಲು ಕೂರುತ್ತಾರೆ. ಇಳಿಯುವಾಗ ಕಲ್ಹಟ್ಟಿಯಲ್ಲಿ ಹೊರಗಿನ ವಾಹನ ಬಿಡುವುದಿಲ್ಲ, ಗೂಡಲೂರು ಬಳಸಬೇಕು. ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ಆದ್ದರಿಂದ ರಾತ್ರಿ ಒಂಬತ್ತರ ಗೇಟಿಗೆ ಬೆಳಗ್ಗೆ ಹತ್ತಕ್ಕೇ ಹೊರಡುವುದು ಕ್ಷೇಮ. ದಾರಿಯಲ್ಲಿ ನೀಲಗಿರಿ ಎಣ್ಣೆ, ವರ್ಕಿ, ಸೊಪ್ಪು ಸಮೇತ ಕ್ಯಾರೆಟ್. ಇದೇ ಕ್ಯಾರೆಟ್ ದೇವರಾಜ ಮಾರ್ಕೆಟ್ಟಿನಲ್ಲಿ ಎಷ್ಟಕ್ಕೆ ಸಿಗುತ್ತದೆಂದು ಯಜಮಾನರು ಕೊಂಡ ಮೇಲೆ ಹೇಳುತ್ತಾರೆ. ಆನೆ ಕಾದಿರುವುದಿಲ್ಲ.

ಸಂಜೆಯ ಹೊತ್ತಿಗೆ ಮನೆ. ಯಜಮಾನರು ಡೈರಿಯಲ್ಲಿ ಪೆಟ್ರೋಲು, ಕೋಣೆ, ಇತರೆ ಎಂದು ಖರ್ಚು ಬರೆದು, ಊಟದ ಕಡೆ ಸೊನ್ನೆ ಹಾಕಿ ಅದರ ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಆಕೆ ಡಬ್ಬಿಗಳನ್ನೆಲ್ಲ ತೊಳೆದು ಬೋರಲು ಹಾಕಿ ಅಕ್ಕನಿಗೆ ಫೋನು ಮಾಡುತ್ತಾರೆ. ಕೆರೆ, ಬೆಟ್ಟ, ರೈಲು ಒಂದೇ ಉಸಿರಿಗೆ ಮುಗಿಯುತ್ತವೆ. ಬಳಿಕ ಹುಡುಗ ಬಾಗಿಲು ತಟ್ಟಿದ್ದು, ಟ್ರೇ ಇಟ್ಟದ್ದು, ಸಕ್ಕರೆ ಬೇರೆ ಕೊಟ್ಟದ್ದು, ಲೋಟ ಅವನೇ ತೆಗೆದುಕೊಂಡು ಹೋದದ್ದು ವಿವರವಾಗಿ ಶುರುವಾಗುತ್ತದೆ. "ಚಿಕೋರಿ ಜಾಸ್ತಿ ಇತ್ತು ಅಂತಾನೂ ಹೇಳೇ" ಎಂದು ಯಜಮಾನರು ಹಾಲಿನಿಂದ ಕೂಗುತ್ತಾರೆ. ಆಕೆ ಅದನ್ನು ಹೇಳುವುದಿಲ್ಲ.